ಬೂಟು ಅಟ್ಟಕ್ಕೆ ಹಾಕಿದವರು ಯಾರು?

ಭಾನುವಾರ ಬೆಳಗ್ಗೆ ದುರ್ಗದ ಮಾವ ನಮ್ಮ ಮನೆಯವರ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು:

"ಹೆಮ್ಮೆಯ ಸುದ್ದಿ! 2026ರ ಫುಟ್‌ಬಾಲ್ ವಿಶ್ವಕಪ್‌ನಿಂದ ಒಂದು ದೇಶ ಹಿಂದೆ ಸರಿದಿದೆ. ಅದರ ಜಾಗಕ್ಕೆ ಭಾರತವನ್ನು ಕರೆದಿದ್ದಾರೆ. 1950ರಲ್ಲಿ ಕಾಲಿಗೆ ಬೂಟಿಲ್ಲ ಅಂತ ನಮ್ಮವರನ್ನು ಹೊರಗಟ್ಟಿದವರೇ ಈಗ ನಮ್ಮ ಬಾಗಿಲಿಗೆ ಬಂದಿದ್ದಾರೆ. ನಿಜವಾದ ಭಾರತೀಯರಾದರೆ ಹತ್ತು ಜನರಿಗೆ ಕಳಿಸಿ."

ಹರಿಹರದ ಅತ್ತೆ ತಕ್ಷಣ ಹೂಗುಚ್ಛ ಹಾಕಿದರು. ಇಬ್ಬರು ಚಪ್ಪಾಳೆ ಹಾಕಿದರು. ಹಿಂದೆ ಸರಿದ ದೇಶ ಯಾವುದು ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಅದನ್ನು ಗಮನಿಸಿದವಳು ಅಕ್ಕ ಒಬ್ಬಳೇ. ಅವಳು ಬ್ಯಾಂಕಿನಲ್ಲಿದ್ದಾಳೆ. ಸಹಿ ಇಲ್ಲದ ಕಾಗದವನ್ನು ಮುಟ್ಟುವವಳಲ್ಲ.

ಅಕ್ಕ: ಮಾವ, ಯಾವ ದೇಶ ಹಿಂದೆ ಸರಿದಿದ್ದು? ಯಾವ ಪೇಪರಿನಲ್ಲಿ ಬಂದಿದೆ? ಲಿಂಕ್ ಇದ್ದರೆ ಕಳಿಸಿ.

ದುರ್ಗದ ಮಾವ: ನನಗೆ ಕಳಿಸಿದವರು ದೊಡ್ಡ ಅಧಿಕಾರಿ. ಸುಳ್ಳು ಹೇಳುವ ಮನುಷ್ಯ ಅಲ್ಲ.

ಅಕ್ಕ: ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ ಅಂತ ಕಳಿಸಿದ್ದೂ ಅವರೇನಾ?

ದುರ್ಗದ ಮಾವ: ಅದು 2016ರ ಮಾತು. ಇನ್ನೂ ಅದನ್ನೇ ಹಿಡಿದುಕೊಂಡಿದ್ದೀಯಾ? ದೊಡ್ಡವರ ಹತ್ತಿರ ಹೀಗಾ ಮಾತಾಡುವುದು?

ಇಲ್ಲಿಗೆ ಫುಟ್‌ಬಾಲ್ ಮುಗಿಯಿತು. ಮುಂದಿನದೆಲ್ಲ ಯಾರು ಯಾರಿಗೆ ಹೇಗೆ ಮಾತಾಡಿದರು ಅನ್ನುವುದು. ನನಗೆ ಸುಮ್ನೆ ಇರಲು ಆಗಲಿಲ್ಲ. ನಾನು ಈ ಆಟವನ್ನು ಚಿಕ್ಕಂದಿನಿಂದ ನೋಡುತ್ತಾ ಬಂದವನು. ಭಾರತ ತಂಡದ ಪಂದ್ಯ ಎಲ್ಲಿದ್ದರೂ, ಎಷ್ಟು ಹೊತ್ತಿಗಿದ್ದರೂ ನೋಡುತ್ತೇನೆ. ಹಾಗಾಗಿ ಗೊತ್ತಿದ್ದದ್ದನ್ನೆಲ್ಲ ಬರೆದೆ.

ಭಾರತ ಈ ವಿಶ್ವಕಪ್‌ನ ಅರ್ಹತಾ ಪಂದ್ಯಗಳಿಂದ 2024ರ ಜೂನ್‌ನಲ್ಲೇ ಹೊರಬಿದ್ದಿದೆ. ನಮ್ಮ ಗುಂಪಿನಲ್ಲಿ ಕತಾರ್, ಕುವೈತ್, ಅಫ್ಘಾನಿಸ್ತಾನ ಇದ್ದವು. ಕುವೈತ್‌ಗೆ ಹೋಗಿ 1-0 ಗೆದ್ದು ಬಂದಿದ್ದೆವು. ಮುಂದಿನ ಸುತ್ತು ಕೈಗೆ ಸಿಗುವಷ್ಟು ಹತ್ತಿರ ಇತ್ತು. ಆಮೇಲೆ ಗುವಾಹಟಿಯಲ್ಲಿ ನಮ್ಮ ಜನರ ಮುಂದೆಯೇ ಅಫ್ಘಾನಿಸ್ತಾನಕ್ಕೆ 1-2ರಿಂದ ಸೋತೆವು. ಕೊನೆಯ ಪಂದ್ಯ ದೋಹಾದಲ್ಲಿ. ಛಾಂಗ್ಟೆ ಗೋಲು ಹೊಡೆದು ನಾವು ಮುಂದಿದ್ದೆವು. ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತು. ಕತಾರ್‌ನವರು ಅದನ್ನು ಒಳಗೆಳೆದು ಹೊಡೆದರು, ರೆಫರಿ ಗೋಲು ಕೊಟ್ಟರು. ಅದು ಅನ್ಯಾಯವೇ. ಆದರೆ ಗುವಾಹಟಿಯಲ್ಲಿ ನಮಗೆ ಯಾರೂ ಅನ್ಯಾಯ ಮಾಡಿರಲಿಲ್ಲ.

ಅದಾದ ಮೇಲೆ 2027ರ ಏಷ್ಯನ್ ಕಪ್ ಕೂಡ ತಪ್ಪಿತು. 2025ರ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಾಪುರಕ್ಕೆ ಸೋತೆವು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ ಸೋತೆವು. ಫಿಫಾ ಪಟ್ಟಿಯಲ್ಲಿ 142ಕ್ಕೆ ಇಳಿದೆವು. 1996ರಲ್ಲಿ ಇದೇ ಪಟ್ಟಿಯಲ್ಲಿ 94ನೇ ಜಾಗದಲ್ಲಿದ್ದ ದೇಶ ನಮ್ಮದು. ಯಾವುದೋ ತಂಡ ಬರಲ್ಲ ಅಂದರೂ ಆ ಜಾಗಕ್ಕೆ ನಮ್ಮನ್ನು ಕರೆಯಲು ಕಾರಣವೇ ಇಲ್ಲ.

1950ರ ಕಥೆಯನ್ನೂ ಬರೆದೆ. ಆ ವರ್ಷ ಬ್ರೆಜಿಲ್‌ನ ವಿಶ್ವಕಪ್‌ಗೆ ಭಾರತಕ್ಕೆ ಜಾಗ ಸಿಕ್ಕಿತ್ತು. ಅರ್ಹತಾ ಗುಂಪಿನ ಉಳಿದ ತಂಡಗಳು ಹಿಂದೆ ಸರಿದಿದ್ದವು. ಅಲ್ಲಿ ಇಟಲಿ, ಸ್ವೀಡನ್, ಪರಾಗ್ವೆ ಜೊತೆ ಆಡಬೇಕಿತ್ತು. ನಮ್ಮನ್ನು ಯಾರೂ ಹೊರಗಟ್ಟಲಿಲ್ಲ. ನಮ್ಮ ಫೆಡರೇಷನ್ನೇ ಹೋಗಲಿಲ್ಲ. ಅಭ್ಯಾಸಕ್ಕೆ ಸಮಯ ಸಾಲದು, ಆಯ್ಕೆಯಲ್ಲಿ ಗೊಂದಲ ಅಂತ ಕಾರಣ ಕೊಟ್ಟರು. ಬೂಟಿನ ಮಾತು ಬರೀ ನೆಪ ಅಂತ ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಆಮೇಲೆ ಹೇಳಿದ್ದಾರೆ. ಆಗ ನಮ್ಮವರಿಗೆ ಒಲಿಂಪಿಕ್ಸ್ ದೊಡ್ಡದು, ವಿಶ್ವಕಪ್ ಅಷ್ಟು ಮುಖ್ಯ ಅನ್ನಿಸಿರಲಿಲ್ಲ.

ಬರಿಗಾಲಿನ ಆಟ ಮಾತ್ರ ನಿಜ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿ 1-2ರಿಂದ ಸೋತರು. ಎರಡು ಪೆನಾಲ್ಟಿ ಕೈಬಿಟ್ಟು ಸೋತರು. ಬೆಂಗಳೂರಿನ ಅಹಮದ್ ಖಾನ್ ಆ ತಂಡದಲ್ಲಿದ್ದರು. 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಮತ್ತೆ ಚಿನ್ನ. ಇಷ್ಟು ಇರುವಾಗ ಸುಳ್ಳು ಹೆಮ್ಮೆ ಯಾಕೆ ಬೇಕು ಅಂತ ಕೇಳಿದೆ.

ದುರ್ಗದ ಮಾವ: ಇಷ್ಟುದ್ದ ಯಾರು ಓದುತ್ತಾರೆ? ಒಟ್ಟಿನಲ್ಲಿ ದೇಶಕ್ಕೆ ಒಳ್ಳೆಯದಾದರೆ ನಿಮಗೆ ಸಹಿಸಲು ಆಗಲ್ಲ.

ನನಗೆ ನಿಜಕ್ಕೂ ಬೇಸರವಾಯಿತು. ದೇಶದ ತಂಡ ಸೋತಾಗ ನಿದ್ದೆಗೆಟ್ಟವನಿಗೆ ಈ ಮಾತು ಹೇಳಬಾರದು.

ಅಷ್ಟರಲ್ಲಿ ಬೆಂಗಳೂರಿನ ಅಣ್ಣ ಬಂದ. ಮೇಲಿನದನ್ನು ಅವನು ಓದಿರಲಿಲ್ಲ. ಫುಟ್‌ಬಾಲ್ ಅನ್ನುವ ಒಂದು ಮಾತು ಕಣ್ಣಿಗೆ ಬಿದ್ದಿತ್ತು, ಅಷ್ಟೇ.

ಬೆಂಗಳೂರಿನ ಅಣ್ಣ: 1990 ನೆನಪಿದೆಯಾ? ಮೊದಲನೇ ಪಂದ್ಯದಲ್ಲೇ ಮರಡೋನಾನ ಅರ್ಜೆಂಟೀನಾವನ್ನು ಕ್ಯಾಮರೂನ್ ಸೋಲಿಸಿತ್ತು. ನಮ್ಮ ಓಣಿಗೆಲ್ಲ ಒಂದೇ ಟಿವಿ. ಆಂಟೆನಾ ತಿರುಗಿಸಲು ಒಬ್ಬ ಮಾಳಿಗೆ ಮೇಲೆ. ರೋಜರ್ ಮಿಲ್ಲಾ ಮೂವತ್ತೆಂಟನೇ ವಯಸ್ಸಿನಲ್ಲಿ ಗೋಲು ಹೊಡೆದು ಮೂಲೆಯ ಬಾವುಟದ ಹತ್ತಿರ ಕುಣಿದದ್ದು!

ಹರಿಹರದ ಅತ್ತೆ: ಮಂಡಕ್ಕಿ ಮಿರ್ಚಿ ಮಾಡಿ ಮಾಡಿ ನಿಮ್ಮಜ್ಜಿಗೆ ಸಾಕಾಗಿ ಹೋಗಿತ್ತು.

ಬೆಂಗಳೂರಿನ ಅಣ್ಣ: ಆಗ ಮಿಲ್ಲಿನ ಸೈರನ್ ಕೇಳಿ ಎಷ್ಟು ಗಂಟೆ ಅಂತ ಹೇಳುತ್ತಿದ್ದೆವು. ದಾವಣಗೆರೆ ಅಂದರೆ ಆಗಿನ ದಾವಣಗೆರೆ.

ದುರ್ಗದ ಮಾವ: ಆಗ ದಾವಣಗೆರೆ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಅದನ್ನು ಮರೆಯಬೇಡ.

1997ರಲ್ಲಿ ಜಿಲ್ಲೆ ಬೇರೆಯಾದದ್ದು ನಮ್ಮ ಮನೆಯಲ್ಲಿ ಆಸ್ತಿ ಪಾಲಾದ ಹಾಗೆ ಇನ್ನೂ ಮಾತಿಗೆ ಬರುತ್ತದೆ. ಕೋಟೆ ಯಾರಿಗೆ, ಬೆಣ್ಣೆ ದೋಸೆ ಯಾರಿಗೆ ಅಂತ ಒಂದಷ್ಟು ಹೊತ್ತು ಹೋಯಿತು. ಅದನ್ನೆಲ್ಲ ಬರೆಯುವುದಿಲ್ಲ.

ಕಾಲೇಜಿಗೆ ಹೋಗುವ ಅಕ್ಕನ ಮಗ ಮಾತ್ರ ಆಟದ ಮಾತಿಗೆ ಬಂದ. ಈ ಸಲ 48 ತಂಡ, 104 ಪಂದ್ಯ. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ ನಡೆಸುತ್ತಿವೆ. ಅವನ ಲೆಕ್ಕದಲ್ಲಿ ಸ್ಪೇನ್ ಎಲ್ಲರಿಗಿಂತ ಮುಂದೆ, 2024ರ ಯೂರೋ ಗೆದ್ದ ತಂಡ. ಅದರ ಹಿಂದೆ ಫ್ರಾನ್ಸ್, ಅರ್ಜೆಂಟೀನಾ, ಇಂಗ್ಲೆಂಡ್. ಬ್ರೆಜಿಲ್ ಕಪ್ ಎತ್ತಿ 2002ಕ್ಕೇ ಮುಗಿಯಿತು, ಈಗ ಆಂಚೆಲೊಟ್ಟಿ ಕೋಚ್ ಆಗಿದ್ದಾರೆ. ಆದರೆ ಅವರ ಗುಂಪಿನಲ್ಲೇ ಮೊರಾಕೊ ಇದೆ, 2022ರಲ್ಲಿ ಸೆಮಿಫೈನಲ್‌ವರೆಗೆ ಹೋದ ತಂಡ. ಲೆಕ್ಕ ಚೆನ್ನಾಗಿತ್ತು. ಆದರೂ ಲೆಕ್ಕವನ್ನು ಪೂರ್ತಿ ನಂಬಬಾರದು. ಹಿಂದಿನ ಸಲದ ಚಾಂಪಿಯನ್ನರೇ 2002, 2010, 2014, 2018ರಲ್ಲಿ ಮೊದಲ ಸುತ್ತಿನಲ್ಲೇ ಮನೆಗೆ ಹೋಗಿದ್ದರು. 2022ರಲ್ಲಿ ಸೌದಿ ಅರೇಬಿಯಾಕ್ಕೆ ಸೋತ ಅರ್ಜೆಂಟೀನಾವೇ ಕೊನೆಗೆ ಕಪ್ ಗೆದ್ದಿತು.

ಆಮೇಲೆ ಅವನು ಕುರಾಸಾವೊ ಬಗ್ಗೆ ಬರೆದ. ವಿಶ್ವಕಪ್‌ಗೆ ಬರುತ್ತಿರುವವರಲ್ಲಿ ಎಲ್ಲಕ್ಕಿಂತ ಕಡಿಮೆ ಜನ ಇರುವ ನಾಡು ಅದು, ಸುಮಾರು ಒಂದೂವರೆ ಲಕ್ಷ. "ಹೆಚ್ಚುಕಡಿಮೆ ನಮ್ಮ ದುರ್ಗದ ಊರಿನಷ್ಟು. ಕೇಪ್ ವರ್ಡ್ ಐದು ಲಕ್ಷ ಚಿಲ್ಲರೆ, ಅದು ದಾವಣಗೆರೆ ಊರಿನಷ್ಟು. ನಾವು ನೂರನಲವತ್ತು ಕೋಟಿ ಇದ್ದೇವೆ."

ದುರ್ಗದ ಮಾವ: ದುರ್ಗ ಅಷ್ಟು ಚಿಕ್ಕ ಊರು ಅಂತಾನಾ ನಿನ್ನ ಮಾತು? ಏಳು ಸುತ್ತಿನ ಕೋಟೆ ಇದೆ ಇಲ್ಲಿ.

ಪಾಪ, ಹುಡುಗ ಹಾಗೆ ಹೇಳಿರಲಿಲ್ಲ. ಆದರೆ ಅವನ ಲೆಕ್ಕಕ್ಕೆ ಒಂದು ಮಾತು ಸೇರಿಸಲೇಬೇಕಿತ್ತು, ಸೇರಿಸಿದೆ. ಕುರಾಸಾವೊ ತಂಡದ ಹೆಚ್ಚಿನವರು ನೆದರ್‌ಲೆಂಡ್ಸ್‌ನಲ್ಲಿ ಬೆಳೆದು, ಅಲ್ಲಿ ಕಲಿತವರು. ಜನಸಂಖ್ಯೆ ಆಟ ಕಲಿಸುವುದಿಲ್ಲ. ನಾವು ನೋಡಬೇಕಾದದ್ದು ಉಜ್ಬೆಕಿಸ್ತಾನವನ್ನು. ಅವರೂ ಮೊದಲ ಸಲ ವಿಶ್ವಕಪ್‌ಗೆ ಬರುತ್ತಿದ್ದಾರೆ. 2023ರಲ್ಲಿ ಇಪ್ಪತ್ತು ವರ್ಷದೊಳಗಿನವರ ಏಷ್ಯನ್ ಕಪ್ ಗೆದ್ದರು, 2025ರಲ್ಲಿ ಹದಿನೇಳರೊಳಗಿನವರದು. ಹುಡುಗರನ್ನು ಬೆಳೆಸಿ, ಅದೇ ಹುಡುಗರನ್ನು ದೊಡ್ಡ ತಂಡಕ್ಕೆ ತಂದರು. ನಾವು 2017ರಲ್ಲಿ ಹದಿನೇಳರೊಳಗಿನವರ ವಿಶ್ವಕಪ್ಪನ್ನು ನಮ್ಮ ದೇಶದಲ್ಲೇ ನಡೆಸಿದೆವು. ಜೀಕ್ಸನ್ ಸಿಂಗ್ ಕೊಲಂಬಿಯಾ ವಿರುದ್ಧ ಹೊಡೆದ ಆ ಒಂದು ಗೋಲಿಗೆ ನಾನು ಎದ್ದು ಕುಣಿದಿದ್ದೆ. ಆ ಖುಷಿಯನ್ನು ಮುಂದಕ್ಕೆ ಒಯ್ಯುವ ಕೆಲಸ ಆಗಲಿಲ್ಲ.

ಆಗ ದೊಡ್ಡಪ್ಪ ಬಂದರು. ಅವರು ಯಾವಾಗಲೂ ಕೊನೆಗೇ ಬರುತ್ತಾರೆ, ಬಂದರೆ ತೀರ್ಪಿನ ಹಾಗೆ ಮಾತಾಡುತ್ತಾರೆ.

ದೊಡ್ಡಪ್ಪ: ಎಲ್ಲರೂ ಕೇಳಿ. ತಂಡ ಯಾಕೆ ಸೋಲುತ್ತದೆ ಅಂದರೆ ಈಗಿನ ಮಕ್ಕಳಿಗೆ ಶಿಸ್ತಿಲ್ಲ. ಕೈಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾರೆ. ಸಂಜೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ಬೆವರು ಸುರಿಸುವವರು ಯಾರಿದ್ದಾರೆ?

ಇದಕ್ಕೆ ಉತ್ತರ ಬಂದದ್ದು ವಿನೋಬನಗರದ ಅಣ್ಣನಿಂದ. ಅವನು ಗುಂಪಿನಲ್ಲಿ ಮಾತಾಡುವುದೇ ಅಪರೂಪ.

ವಿನೋಬನಗರದ ಅಣ್ಣ: ನಾನು ಹೋಗುತ್ತಿದ್ದೆ ದೊಡ್ಡಪ್ಪ. ಎಸ್ಸೆಸ್ಸೆಲ್ಸಿ ವರ್ಷ ರಾಜ್ಯ ತಂಡದ ಆಯ್ಕೆಗೆ ನನ್ನ ಹೆಸರು ಬಂದಿತ್ತು. ಹೊರಡುವ ದಿನ ಬೂಟು ಅಟ್ಟಕ್ಕೆ ಹಾಕಿ ಬೀಗ ಹಾಕಿದವರು ಯಾರು?

ಯಾರೂ ಏನೂ ಬರೆಯಲಿಲ್ಲ. ಹರಿಹರದ ಅತ್ತೆಯ ಹೆಸರಿನ ಮುಂದೆ "ಟೈಪಿಂಗ್" ಅಂತ ಬಂತು, ಹೋಯಿತು. ಈ ವಿಷಯ ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ಹೀಗೆ ಎಲ್ಲರೆದುರು ಯಾರೂ ಎತ್ತಿರಲಿಲ್ಲ, ಅಷ್ಟೇ. ಅವನು ಎಡಗಾಲಲ್ಲಿ ಚೆಂಡು ಕೊಂಡೊಯ್ಯುತ್ತಿದ್ದುದನ್ನು ನಾನು ನೋಡಿದ್ದೇನೆ. ಮೈದಾನದ ಸುತ್ತ ವಾಕಿಂಗ್ ಮಾಡುವವರು ನಿಂತು ನೋಡುತ್ತಿದ್ದರು.

ದೊಡ್ಡಪ್ಪ: ಹಾಕಿದ್ದು ನಾನೇ. ಆ ವರ್ಷ ಮಿಲ್ ಬಾಗಿಲು ಹಾಕಿತ್ತು. ನಿಮ್ಮಪ್ಪನಿಗೆ ಸಂಬಳ ಇಲ್ಲ. ನೀನು ಫೇಲಾಗಿದ್ದರೆ ನಿಮ್ಮ ಮನೆ ಯಾರು ನೋಡಬೇಕಿತ್ತು? ಫುಟ್‌ಬಾಲ್ ಅನ್ನ ಹಾಕುತ್ತಿತ್ತಾ?

ವಿನೋಬನಗರದ ಅಣ್ಣ: ಅನ್ನದ ಮಾತು ಬೇರೆ. ಒಂದು ಮಾತು ನನ್ನನ್ನು ಕೇಳಬಹುದಿತ್ತು.

ದುರ್ಗದ ಮಾವ: ಹಳೇದೆಲ್ಲ ಈಗ ಯಾಕೆ? ಗುಂಪಿನ ವಾತಾವರಣ ಕೆಡುತ್ತದೆ.

ಅಕ್ಕ: ಬೆಳಗ್ಗೆ ಕೆಡಿಸಿದ್ದು ನೀವು ಮಾವ. ಲಿಂಕ್ ಇನ್ನೂ ಬಂದಿಲ್ಲ.

ದೊಡ್ಡಪ್ಪ ಹೇಳಿದ್ದನ್ನು ನಾನು ತಳ್ಳಿಹಾಕಲಾರೆ. ಈ ಊರಿನಲ್ಲಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಹೀಗೆಯೇ ಆಯಿತು. ಅವರು ಕೇಳಿದ ಪ್ರಶ್ನೆ ಇವತ್ತಿಗೂ ಹಾಗೆಯೇ ಇದೆ. ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್ 2025ರಲ್ಲಿ ಒಪ್ಪಂದದ ಗೊಂದಲದಿಂದ ನಿಂತೇ ಹೋಗಿತ್ತು. ಕೆಲವು ಕ್ಲಬ್‌ಗಳು ಆಟಗಾರರ ಸಂಬಳವನ್ನೇ ತಡೆದವು. ಭಾರತದ ಜೆರ್ಸಿ ಹಾಕುವವರಿಗೇ ಮುಂದಿನ ತಿಂಗಳ ಗ್ಯಾರಂಟಿ ಇಲ್ಲ ಅಂದರೆ ದಾವಣಗೆರೆಯ ಒಬ್ಬ ಅಪ್ಪ ಯಾವ ಧೈರ್ಯದ ಮೇಲೆ ಮಗನಿಗೆ ಆಡು ಅನ್ನಬೇಕು? ಆದರೆ ಅಣ್ಣನ ನೋವೂ ಅಷ್ಟೇ ನಿಜ. ಕಾಲು ಚೆನ್ನಾಗಿದ್ದ ಹುಡುಗನನ್ನು ಒಂದು ಆಯ್ಕೆ ಪಂದ್ಯಕ್ಕೂ ಬಿಡಲಿಲ್ಲ. 1950ರಲ್ಲಿ ಯಾರೋ ಪರದೇಶದವರು ನಮ್ಮನ್ನು ತಡೆದರು ಅಂತ ನಂಬಿದರೆ ಇದ್ಯಾವುದನ್ನೂ ಮಾತಾಡಬೇಕಾಗಿಲ್ಲ. ಆ ಫಾರ್ವರ್ಡ್ ಮೇಲೆ ನನಗೆ ಸಿಟ್ಟು ಬಂದದ್ದು ಅದಕ್ಕೇ.

ಸಂಜೆ ಅಣ್ಣ ಮತ್ತೆ ಬರೆದ. ಅವನ ಮಗಳು ಎಂಟನೇ ಕ್ಲಾಸು, ಶಾಲೆಯ ಹುಡುಗಿಯರ ತಂಡದಲ್ಲಿ ಆಡುತ್ತಾಳೆ. ಬೆಂಗಳೂರಿನಲ್ಲಿ ಬೇಸಿಗೆ ಶಿಬಿರಕ್ಕೆ ಕಳಿಸಬೇಕು ಅಂತ ಅವನ ಆಸೆ.

ದೊಡ್ಡಪ್ಪ: ಹೆಣ್ಣುಮಗು. ಎಸ್ಸೆಸ್ಸೆಲ್ಸಿ ಆಗಲಿ, ಆಮೇಲೆ ನೋಡೋಣ.

ಅಕ್ಕ: ದೊಡ್ಡಪ್ಪ, ನಮ್ಮ ಹೆಂಗಸರ ತಂಡ 2025ರ ಜುಲೈನಲ್ಲಿ ಥಾಯ್ಲೆಂಡ್‌ಗೆ ಹೋಗಿ ಅವರನ್ನೇ 2-1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಸಂಗೀತಾ ಬಾಸ್ಫೋರ್ ಎರಡು ಗೋಲು. ರ‍್ಯಾಂಕಿಂಗ್‌ನಲ್ಲಿ ಗಂಡಸರಿಗಿಂತ ಎಷ್ಟೋ ಮೇಲಿದ್ದಾರೆ.

ದೊಡ್ಡಪ್ಪ: ಇದು ಎಲ್ಲಿ ಬಂದಿದೆ?

ಅಕ್ಕ ಲಿಂಕ್ ಕಳಿಸಿದಳು. ದೊಡ್ಡಪ್ಪ ಓದಿದರೋ ಇಲ್ಲವೋ, ಶಿಬಿರಕ್ಕೆ ಎಷ್ಟು ಫೀಸು, ಹುಡುಗಿಯ ಜೊತೆ ಯಾರು ಇರುತ್ತಾರೆ ಅಂತ ಕೇಳಿದರು. ಫೀಸು ಜಾಸ್ತಿ ಆಯಿತು ಅಂದರು. ಅಣ್ಣ ಕಟ್ಟಿ ಆಗಿದೆ ಅಂದ. ಕಟ್ಟುವ ಮೊದಲು ಮನೆಯಲ್ಲಿ ಒಂದು ಮಾತು ಕೇಳಬಾರದಿತ್ತಾ ಅಂತ ದೊಡ್ಡಪ್ಪ. ಅಲ್ಲಿಂದ ಮತ್ತೆ ಶುರುವಾಯಿತು.