ದೊಡ್ಡಮ್ಮನ ಮಂಡಿಯೂ ಭಾವನ ಸೆಗ್ವೇಯೂ

ಮುಂದಿನ ತಿಂಗಳು ನಮ್ಮ ಮನೆಮಂದಿ ಏಳು ಜನ ಚೆಕ್ ದೇಶದ ಪ್ರಾಗ್‌ಗೆ ಹೋಗುವುದು ಅಂತ ಆಗಿದೆ. ವೀಸಾ, ಟಿಕೆಟ್ಟು, ರೂಮು ಎಲ್ಲ ಒಂದು ಜಗಳವೂ ಇಲ್ಲದೆ ಮುಗಿದಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಿನ್ನೆ ರಾತ್ರಿ ಭಾವ ಮನೆ ಗ್ರೂಪಿಗೆ ಸೆಗ್ವೇಯ ಒಂದು ವಿಡಿಯೊ ಹಾಕಿದರು. ಸೆಗ್ವೇ ಅಂದರೆ ನಿಂತುಕೊಂಡೇ ಓಡಿಸುವ ಎರಡು ಚಕ್ರದ ಬ್ಯಾಟರಿ ಗಾಡಿ. ಮುಂದಿನದ್ದೆಲ್ಲ ಕೆಳಗಿದೆ. ನನ್ನ ಫೋನಿನಲ್ಲಿ ಎಲ್ಲರೂ ಸಂಬಂಧದ ಹೆಸರಲ್ಲೇ ಸೇವ್ ಆಗಿದ್ದಾರೆ, ಹಾಗೇ ಇಳಿಸಿದ್ದೇನೆ. ಮಧ್ಯೆ ಬಂದ ಗುಡ್‌ನೈಟ್ ಹೂವುಗಳನ್ನು ಬಿಟ್ಟಿದ್ದೇನೆ.

ಭಾವ: (ವಿಡಿಯೊ)

ಭಾವ: ಎಲ್ಲರೂ ನೋಡಿ. ಪ್ರಾಗ್ ಹಳೇ ಪೇಟೆ, ಸೆಗ್ವೇ ಮೇಲೆ ಎರಡು ಗಂಟೆ, ಜೊತೆಗೆ ಗೈಡ್. ನಡೆಯುವ ತಾಪತ್ರಯವೇ ಇಲ್ಲ. ಅತ್ತೆ ಮಂಡಿಗೂ ಒಳ್ಳೆಯದು.

ಪುಟ್ಟಿ: ಅಪ್ಪಾ ಸೂಪರ್‌ರ್‌ರ್

ಚಿಕ್ಕಪ್ಪ: ಅಳಿಯಂದಿರೇ, ಇರುವುದು ಎರಡೇ ಚಕ್ರ. ಅದೂ ಅಕ್ಕಪಕ್ಕ. ಬ್ರೇಕ್ ಎಲ್ಲಿದೆ?

ಪುಟ್ಟಿ: ಬ್ರೇಕ್ ಇಲ್ಲ ಚಿಕ್ಕಜ್ಜ. ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ.

ಚಿಕ್ಕಪ್ಪ: ಹಿಂದಕ್ಕೆ ವಾಲಿದರೆ ನಾನು ಬೀಳುತ್ತೇನೆ ಮಗಳೇ.

ಪುಟ್ಟಿ: ಅಂಗೈ ಮೇಲೆ ಪೊರಕೆ ನಿಲ್ಲಿಸುವ ಆಟ ಆಡಿದ್ದೀರಲ್ಲ? ಪೊರಕೆ ಮುಂದಕ್ಕೆ ವಾಲಿದರೆ ಕೈಯನ್ನೂ ಮುಂದಕ್ಕೆ ಓಡಿಸುತ್ತೇವೆ. ಇಲ್ಲಿ ಪೊರಕೆ ನೀವು, ಕೈ ಸೆಗ್ವೇ. ಒಳಗೆ ಜೈರೋಸ್ಕೋಪ್ ಇದೆ. ನೀವು ಎಷ್ಟು ವಾಲಿದಿರಿ ಅಂತ ಅಳೆಯುತ್ತಲೇ ಇರುತ್ತದೆ. ಮೋಟರು ಚಕ್ರವನ್ನು ಓಡಿಸಿ ನಿಮ್ಮ ಕಾಲ ಕೆಳಗೇ ತಂದು ನಿಲ್ಲಿಸುತ್ತದೆ.

ಚಿಕ್ಕಪ್ಪ: ಐವತ್ತೆಂಟನೇ ವಯಸ್ಸಿಗೆ ಪೊರಕೆ ಆದೆ.

ಇಷ್ಟು ಹೊತ್ತಿಗೆ ದೊಡ್ಡಪ್ಪ ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು. ಆರು ನಿಮಿಷ ಹಾಗೇ ಕಾಣುತ್ತಿತ್ತು. ದೊಡ್ಡಪ್ಪ ಒಂದೇ ಬೆರಳಿನವರು, ಆದರೆ ಅರ್ಧಕ್ಕೆ ಬಿಡುವವರಲ್ಲ.

ದೊಡ್ಡಪ್ಪ: ಈ ಯಂತ್ರ ಹೊರಗೆ ಬಂದದ್ದು 2001ರ ಡಿಸೆಂಬರಿನಲ್ಲಿ. ಮಾಡಿದವರು ಅಮೆರಿಕದ ಡೀನ್ ಕೇಮನ್. ಇನ್ನು ಊರುಗಳನ್ನೇ ಇದಕ್ಕೆ ತಕ್ಕಂತೆ ಕಟ್ಟಬೇಕಾಗುತ್ತದೆ ಅಂತೆಲ್ಲ ಆಗ ಮಾತಿತ್ತು. ಕೊನೆಗೆ ಸುಮಾರು 1,40,000 ಮಾರಾಟವಾಗಿ 2020ರ ಜುಲೈನಲ್ಲಿ ತಯಾರಿಕೆಯೇ ನಿಂತಿತು. ಅಂದರೆ ಆ ದೊಡ್ಡ ಚಕ್ರದ ಮಾದರಿ ಈಗ ಎಲ್ಲೇ ಬಾಡಿಗೆಗೆ ಸಿಕ್ಕರೂ ಹಳೆಯದೇ. ಬ್ಯಾಟರಿ ಯಾವಾಗ ಬದಲಿಸಿದ್ದು ಅಂತ ಕೇಳಿ. 2003ರಲ್ಲಿ ಬ್ಯಾಟರಿ ಇಳಿದಾಗ ಸವಾರರು ಬೀಳುತ್ತಾರೆ ಅಂತ ಸುಮಾರು 6,000 ಗಾಡಿಗಳನ್ನು ಕಂಪನಿಯೇ ವಾಪಸ್ ಕರೆಸಿಕೊಂಡಿತ್ತು.

ಭಾವ: ಮಾವ, ನೀವು ಇನ್ನೂ 2011ರ ಸ್ಕೂಟರ್ ಓಡಿಸುತ್ತಿದ್ದೀರಿ.

ದೊಡ್ಡಪ್ಪ: ಅದಕ್ಕೆ ಬ್ರೇಕ್ ಇದೆ.

ಚಿಕ್ಕಪ್ಪ: ಅಣ್ಣ ಹೇಳಿದ್ದು ಸರಿ. ಈಗಷ್ಟೇ ಹುಡುಕಿದೆ. 2003ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಇದರ ಮೇಲಿಂದ ಬೀಳುವ ಫೋಟೊ ಎಲ್ಲ ಕಡೆ ಬಂದಿತ್ತು. 2015ರಲ್ಲಿ ಬೀಜಿಂಗಿನಲ್ಲಿ ಇದರ ಮೇಲೆ ನಿಂತು ಶೂಟ್ ಮಾಡುತ್ತಿದ್ದ ಕ್ಯಾಮೆರಾದವನು ಉಸೇನ್ ಬೋಲ್ಟ್‌ರನ್ನೇ ಹಿಂದಿನಿಂದ ಬೀಳಿಸಿದ. ಜಗತ್ತಿನಲ್ಲೇ ಜೋರಾಗಿ ಓಡುವವರಿಗೇ ತಪ್ಪಿಸಿಕೊಳ್ಳಲು ಆಗಲಿಲ್ಲ. ಇನ್ನೊಂದು ಕೇಳಿ. ಈ ಕಂಪನಿಯನ್ನು ಕೊಂಡಿದ್ದ ಇಂಗ್ಲೆಂಡಿನ ಜಿಮಿ ಹೆಸೆಲ್ಡನ್ 2010ರಲ್ಲಿ ಇದೇ ಗಾಡಿ ಓಡಿಸುತ್ತಾ ಕಡಿದಾದ ದಂಡೆಯಿಂದ ಕೆಳಗೆ ಬಿದ್ದು ತೀರಿಕೊಂಡರು.

ಭಾವ: ಚಿಕ್ಕಮಾವ, ಕಾರ್ ಕಂಪನಿಯವರು ಯಾರೂ ಕಾರಿನಲ್ಲಿ ಸತ್ತೇ ಇಲ್ವಾ? ಹಾಗಂತ ಕಾರು ಹತ್ತುವುದು ಬಿಟ್ಟಿದ್ದೀರಾ?

ಈ ಒಂದು ಮಾತಿಗೆ ಭಾವನ ಪರ ನಾನೂ ಹೆಬ್ಬೆರಳು ಒತ್ತಿದೆ. ಮೂರು ಜನ ಬಿದ್ದ ಕಥೆ ಹೇಳಿ ಒಂದು ಗಾಡಿಯನ್ನೇ ಕೆಟ್ಟದ್ದು ಅನ್ನುವುದು ನ್ಯಾಯವಲ್ಲ. ಗೈಡ್ ಜೊತೆ ಹೋಗುವ ಟೂರಿನಲ್ಲಿ ಹೆಲ್ಮೆಟ್ ಕೊಡುತ್ತಾರೆ, ಮೊದಲು ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿಸುತ್ತಾರೆ, ಸಾಲಾಗಿ ಒಬ್ಬರ ಹಿಂದೆ ಒಬ್ಬರನ್ನು ಕರೆದುಕೊಂಡು ಹೋಗುತ್ತಾರೆ. ಆದರೆ ಆಗ ಅಕ್ಕ ಬಂದಳು.

ಅಕ್ಕ: ಇಲ್ಲಿ ಇದನ್ನು ಹತ್ತಿದವಳು ನಾನೊಬ್ಬಳೇ. ಆಫೀಸಿನವರ ಜೊತೆ ಬೇರೊಂದು ಹಳೇ ಊರಿನಲ್ಲಿ. ಹೇಳಲಾ?

ಚಿಕ್ಕಪ್ಪ: ಹೇಳಮ್ಮ.

ಅಕ್ಕ: ಮೊದಲ ಹದಿನೈದು ನಿಮಿಷ ಮೈಯೆಲ್ಲ ಬಿಗಿ. ಕಾಲ್ಬೆರಳಲ್ಲಿ ನೆಲ ಹಿಡಿದುಕೊಳ್ಳುತ್ತೇವೆ, ಗೊತ್ತೇ ಆಗುವುದಿಲ್ಲ. ಆಮೇಲೆ ಬೆರಳು ಜೋಮು ಹಿಡಿಯುತ್ತವೆ. ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲಿ ಅನ್ನುತ್ತಾರೆ. ಕಲ್ಲು ಹಾಸಿದ ಬೀದಿಗೆ ಬಂದರೆ ಪ್ರತಿ ಕಲ್ಲೂ ಆ ಮಂಡಿಗೇ ಬಡಿಯುತ್ತದೆ. ತಿರುವಿನಲ್ಲಿ ನಮ್ಮವರೊಬ್ಬರು ಒಂದು ಚಕ್ರವನ್ನು ಫುಟ್‌ಪಾತಿನ ಅಂಚಿಗೆ ತಾಗಿಸಿದರು. ಆ ಚಕ್ರ ನಿಂತಿತು, ಇನ್ನೊಂದು ಓಡಿತು. ಗಿರ್ ಅಂತ ತಿರುಗಿ ಕೆಳಗೆ. ಮೊಣಕೈ ತರಚಿತು, ಅಷ್ಟೇ. ಆದರೆ ಅಲ್ಲಿಂದ ಮುಂದೆ ನಾವೆಲ್ಲ ಅಂಚನ್ನು ಮಾತ್ರ ನೋಡಿದೆವು.

ಅಕ್ಕ: ಗೈಡ್ ಕಿವಿಯಲ್ಲಿ ಯಾವುದೋ ಚರ್ಚಿನ ಬಗ್ಗೆ ಹೇಳುತ್ತಲೇ ಇದ್ದರು. ಯಾವ ಚರ್ಚು ಅಂತ ಈಗ ಕೇಳಿದರೆ ಗೊತ್ತಿಲ್ಲ. ನನ್ನ ಮುಂದಿದ್ದವರ ಹೆಲ್ಮೆಟ್ ಹಿಂದೆ ಅರ್ಧ ಕಿತ್ತ ಸ್ಟಿಕರ್ ಇತ್ತು. ನಂಬರ್ 14. ಅದು ನೆನಪಿದೆ.

ಅಕ್ಕ: ಕೊನೆಯಲ್ಲಿ ನದಿ ದಂಡೆ ಮೇಲೆ ಯಾರೂ ಇಲ್ಲದ ಉದ್ದನೆಯ ದಾರಿ ಸಿಕ್ಕಿತು. ಅಲ್ಲಿ ಮಾತ್ರ ಹಾರಿದ ಹಾಗೇ ಇತ್ತು. ಸುಳ್ಳು ಯಾಕೆ ಹೇಳಲಿ.

ಭಾವ: ನೀನು ಮನೆಗೆ ಬಂದು ತುಂಬಾ ಚೆನ್ನಾಗಿತ್ತು ಅಂದಿದ್ದೆ!

ಅಕ್ಕ: ಚೆನ್ನಾಗಿತ್ತು ಅಂದೆ. ಊರು ನೋಡಿದೆ ಅಂದಿರಲಿಲ್ಲ.

ಪುಟ್ಟಿ: ಎಲ್ಲರಿಗೂ ಗೊತ್ತಿರಲಿ, ಇವರಿಬ್ಬರೂ ಒಂದೇ ಸೋಫಾದಲ್ಲಿ ಕೂತು ಟೈಪ್ ಮಾಡುತ್ತಿದ್ದಾರೆ.

ನಾನು ಅಷ್ಟರಲ್ಲಿ ವಿಡಿಯೊವನ್ನು ಎರಡು ಸಲ ನೋಡಿದ್ದೆ. ಹತ್ತು ಜನ ಸಾಲಾಗಿ ಓಲ್ಡ್ ಟೌನ್ ಸ್ಕ್ವೇರ್ ದಾಟುತ್ತಾರೆ. ನಡೆಯುವವರು ಪಕ್ಕಕ್ಕೆ ಸರಿಯುತ್ತಾರೆ. ಒಬ್ಬ ಅಜ್ಜಿ ಚೀಲ ಎದೆಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತಿದ್ದಾರೆ. ಒಂದು ಕ್ಷಣ ಅಷ್ಟೇ, ಆಮೇಲೆ ಕ್ಯಾಮೆರಾ ಮುಂದೆ ಹೋಗುತ್ತದೆ.

ನಾನು: ಭಾವ, ಈ ವಿಡಿಯೊ ತುಂಬಾ ಹಳೆಯದು. ಪ್ರಾಗ್‌ನ ನಡುಪೇಟೆಯಲ್ಲಿ ಸೆಗ್ವೇ ಓಡಿಸಬಾರದು ಅಂತ 2016ರಲ್ಲೇ ಊರಿನವರು ನಿಯಮ ಮಾಡಿದ್ದಾರೆ. ಕಿರಿದಾದ ಫುಟ್‌ಪಾತು, ಅದರ ಮೇಲೆ ಸಾಲುಸಾಲಾಗಿ ಇವು. ನಡೆಯುವವರಿಗೆ ಸಾಕಾಗಿ ಹೋಗಿತ್ತು.

ಭಾವ: ಹಾಗಾದರೆ ಟೂರ್ ಹೇಗೆ ಮಾರುತ್ತಿದ್ದಾರೆ?

ನಾನು: ಅದನ್ನೇ ನಾನು ಕೇಳುತ್ತಿರುವುದು. ಬುಕ್ ಏನೂ ಮಾಡಿಲ್ಲ ಅಲ್ವಾ?

ಭಾವ: (ಈ ಸಂದೇಶವನ್ನು ಅಳಿಸಲಾಗಿದೆ)

ಅಕ್ಕ: ಏನು ಅಳಿಸಿದಿರಿ?

ಪುಟ್ಟಿ: ನಾನು ಓದಿಬಿಟ್ಟೆ 😬

ಭಾವ: ಸರಿ. ಏಳು ಜನಕ್ಕೂ ಬುಕ್ ಮಾಡಿದ್ದೇನೆ. ಸರ್‌ಪ್ರೈಸ್ ಇರಲಿ ಅಂತ ಇದ್ದೆ.

ಗ್ರೂಪಿನಲ್ಲಿ ಎರಡು ನಿಮಿಷ ಸದ್ದಿಲ್ಲ. ಆಮೇಲೆ ದೊಡ್ಡಪ್ಪ ಬುಕಿಂಗ್ ಕಾಗದ ಕಳಿಸಿ ಅಂದರು. ಭಾವ ಸ್ಕ್ರೀನ್‌ಶಾಟ್ ಕಳಿಸಿದರು. ತಲೆಬರಹದಲ್ಲಿ ಪ್ರಾಗ್ ಹಳೇ ಪೇಟೆ ಅಂತ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬೇರೆ ಕಥೆ. ನಡುಪೇಟೆಯಿಂದ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರಂತೆ. ಲಾದ್ರೋಂಕಾ ಪಾರ್ಕು, ಬ್ರೆವ್ನೊವ್ ಮಠ, ಆಮೇಲೆ ಸ್ತ್ರಾಹೊವ್ ಕಡೆಯ ಗುಡ್ಡ. ಹಳೇ ಪೇಟೆಯನ್ನು ಆ ಗುಡ್ಡದ ಮೇಲಿಂದ ತೋರಿಸುತ್ತಾರೆ.

ಚಿಕ್ಕಪ್ಪ: ಅಂದರೆ ಹಳೇ ಪೇಟೆಯಿಂದ ನಮ್ಮನ್ನು ಹೊರಗೆ ಕರೆದುಕೊಂಡು ಹೋಗಿ, ಅಲ್ಲಿಂದ ಹಳೇ ಪೇಟೆ ತೋರಿಸುತ್ತಾರೆ. ಭೇಷ್.

ದೊಡ್ಡಪ್ಪ: ಬ್ರೆವ್ನೊವ್ ಮಠ ಸಣ್ಣದೇನಲ್ಲ. 993ರಲ್ಲಿ ಶುರುವಾದದ್ದು. ಅಳಿಯಂದಿರು ತಿಳಿಯದೇ ಒಳ್ಳೆಯ ಜಾಗಕ್ಕೇ ದುಡ್ಡು ಕಟ್ಟಿದ್ದಾರೆ.

ಭಾವ: ಥ್ಯಾಂಕ್ಸ್ ಮಾವ. ಅದು ಹೊಗಳಿಕೆ ಅಂತಲೇ ತಿಳಿಯುತ್ತೇನೆ.

ಭಾವ: ಆದರೂ ಕೇಳುತ್ತೇನೆ. ನಡೆದು ಏನು ನೋಡುತ್ತೀರಿ? ಎರಡು ಗಂಟೆಯಲ್ಲಿ ಮೂರು ಕಿಲೋಮೀಟರ್. ಅದರಲ್ಲಿ ಅರ್ಧ ಹೊತ್ತು ಕೂರಲು ಜಾಗ ಹುಡುಕುವುದು.

ಇಲ್ಲಿ ನಾನು ಸ್ವಲ್ಪ ಉದ್ದ ಬರೆದೆ. ಅಕ್ಕ ಆಮೇಲೆ ಫೋನ್ ಮಾಡಿ ಪ್ರಬಂಧ ಬರೆದೆಯಾ ಅಂತ ನಕ್ಕಳು.

ನಾನು: ಭಾವ, ಆ ಊರಿನ ಅರ್ಧ ಕಥೆ ನೆಲದಲ್ಲೇ ಇದೆ. ಓಲ್ಡ್ ಟೌನ್ ಸ್ಕ್ವೇರಿನಲ್ಲಿ ಹಳೇ ಟೌನ್ ಹಾಲ್ ಪಕ್ಕ ಕಲ್ಲುಹಾಸಿನಲ್ಲಿ 27 ಬಿಳಿ ಶಿಲುಬೆಗಳಿವೆ. 1621ರ ಜೂನ್ 21ರಂದು ಅಲ್ಲೇ 27 ಜನರನ್ನು ಕೊಂದರು. 24 ಜನರ ತಲೆ ತೆಗೆದರು, ಮೂವರನ್ನು ನೇಣಿಗೆ ಹಾಕಿದರು. ರಾಜನ ವಿರುದ್ಧ ಎದ್ದದ್ದಕ್ಕೆ. ಎಲ್ಲರೂ ಪಕ್ಕದ ಖಗೋಳ ಗಡಿಯಾರ ನೋಡಲು ತಲೆ ಎತ್ತಿ ಅದೇ ಶಿಲುಬೆಗಳ ಹತ್ತಿರ ನಿಂತಿರುತ್ತಾರೆ.

ನಾನು: ಇನ್ನೊಂದು. ಎಷ್ಟೋ ಮನೆಗಳ ಬಾಗಿಲ ಮುಂದೆ ಅಂಗೈಯಷ್ಟು ಹಿತ್ತಾಳೆ ತಗಡಿನ ಕಲ್ಲು ಹೂತಿದ್ದಾರೆ. ಹತ್ತು ಸೆಂಟಿಮೀಟರ್ ಚೌಕ. ಆ ಮನೆಯಲ್ಲಿದ್ದು ನಾಜಿಗಳ ಕೈಗೆ ಸಿಕ್ಕವರ ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಒಯ್ದರು ಅಂತ ಕೊರೆದಿದೆ. ಓದಬೇಕಾದರೆ ಬಗ್ಗಬೇಕು. ಸೆಗ್ವೇ ಮೇಲೆ ನಾವು ನೆಲದಿಂದ ಒಂದು ಗೇಣು ಎತ್ತರದಲ್ಲಿರುತ್ತೇವೆ. ಇಳಿಯುವಂತಿಲ್ಲ, ಬಗ್ಗಿದರೆ ಗಾಡಿ ಮುಂದಕ್ಕೆ ಓಡುತ್ತದೆ.

ನಾನು: 2020ರಲ್ಲಿ ವೆನ್ಸೆಸ್‌ಲಾಸ್ ಸ್ಕ್ವೇರ್ ರಿಪೇರಿಗೆ ಅಗೆದಾಗ ಇನ್ನೂ ಒಂದು ಸಿಕ್ಕಿತು. ಕಲ್ಲುಗಳನ್ನು ಮಗುಚಿದರೆ ಕೆಳಗಿನ ಬದಿಯಲ್ಲಿ ಹೀಬ್ರೂ ಅಕ್ಷರ. ಯೆಹೂದಿ ಸಮಾಧಿ ಕಲ್ಲುಗಳನ್ನು ಕಡಿದು ರಸ್ತೆಗೆ ಹಾಸಿದ್ದರು. ಅಲ್ಲಿ ಓಡಾಡಿದ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ.

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ಚಿಕ್ಕಪ್ಪ: ಇದು ಗೊತ್ತಿರಲಿಲ್ಲ ಕಣೋ.

ಪುಟ್ಟಿ: ಮಾಮ, ನನಗೆ ಆ ಹಿತ್ತಾಳೆ ಕಲ್ಲು ನೋಡಬೇಕು. ಆದರೆ ಸೆಗ್ವೇನೂ ಹತ್ತಬೇಕು. ಎರಡೂ ಆಸೆ ಇರಬಾರದಾ?

ಇರಬಹುದು. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನೇಳನೇ ವಯಸ್ಸಿಗೆ ನನಗೂ ಗಂಟೆಗೆ 20 ಕಿಲೋಮೀಟರ್ ವೇಗದ ಗಾಡಿ ಕೊಟ್ಟಿದ್ದರೆ ಯಾವ ಶಿಲುಬೆಯನ್ನೂ ನೋಡುತ್ತಿರಲಿಲ್ಲ.

ಭಾವ: ನೋಡಿದ್ರಾ, ಮಗು ಹೇಳಿದ್ದು ಸರಿ. ಮತ್ತೆ ಅತ್ತೆ ಮಂಡಿ ವಿಷಯ ಎಲ್ಲರೂ ಮರೆತಿದ್ದೀರಿ. ಅವರನ್ನು ಆ ಕಲ್ಲುಗಳ ಮೇಲೆ ನಡೆಸುತ್ತೀರಾ? ಬೆಕ್ಕಿನ ತಲೆ ಅಂತಾರಂತೆ ಅಲ್ಲಿನವರು ಆ ಗುಂಡು ಕಲ್ಲಿಗೆ.

ಅಕ್ಕ: ಅಮ್ಮನಿಗೆ ವೀಲ್‌ಚೇರ್ ತೆಗೆದುಕೊಳ್ಳೋಣವಾ?

ಚಿಕ್ಕಪ್ಪ: ಅತ್ತಿಗೆಗೆ ಬೆಳಿಗ್ಗೆ ರೂಮಿನಲ್ಲೇ ರೆಸ್ಟ್ ಕೊಟ್ಟರೆ ಹೇಗೆ?

ದೊಡ್ಡಪ್ಪ: ಮಂಡಿಗೆ ಪಟ್ಟಿ ಕಟ್ಟಿಕೊಂಡರೆ ಆದೀತು.

ಹೀಗೆ ಒಂದು ಹತ್ತು ಮೆಸೇಜು ಹೋಯಿತು. ಎಲ್ಲವನ್ನೂ ಹಾಕುವುದಿಲ್ಲ. ದೊಡ್ಡಮ್ಮ ಗ್ರೂಪಿನಲ್ಲಿದ್ದಾರೆ ಅಂತ ಯಾರಿಗೂ ನೆನಪಿದ್ದಂತಿಲ್ಲ. ಅವರು ಬರೆಯುವುದೇ ಅಪರೂಪ.

ದೊಡ್ಡಮ್ಮ: ಆಗಿನಿಂದ ನನ್ನ ಮಂಡಿ ಬಗ್ಗೆ ಇಷ್ಟು ಮೆಸೇಜ್ ಬಂದಿದೆ. ಮಂಡಿ ಇರುವವಳನ್ನು ಒಬ್ಬರೂ ಕೇಳಲಿಲ್ಲ.

ಭಾವ: ಅಯ್ಯೋ ಅತ್ತೆ

ದೊಡ್ಡಮ್ಮ: ನಡೆದರೆ ನನಗೆ ನೋಯುವುದಿಲ್ಲ. ನಿಂತರೆ ನೋಯುತ್ತದೆ. ಎರಡು ಗಂಟೆ ನಿಲ್ಲಿಸುವ ಗಾಡಿ ಬೇಡ.

ದೊಡ್ಡಮ್ಮ: ಕೋಟೆಗೆ 22ನೇ ನಂಬರ್ ಟ್ರಾಮ್ ಹೋಗುತ್ತದೆ. ನಾನು ನೋಡಿಟ್ಟಿದ್ದೇನೆ. ಹೋಗುವಾಗಲೂ ಟ್ರಾಮ್, ಬರುವಾಗಲೂ ಟ್ರಾಮ್. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ. ಚಾರ್ಲ್ಸ್ ಸೇತುವೆ 516 ಮೀಟರ್. ದಿನಾ ಸಂಜೆ ನಾನು ಅದಕ್ಕಿಂತ ಜಾಸ್ತಿ ನಡೆಯುತ್ತೇನೆ. ಬೆಳಿಗ್ಗೆ ಬೇಗ ಹೋದರೆ ಜನ ಇರಲ್ಲ. ಮೂವತ್ತು ಮೂರ್ತಿಗಳಿವೆ, ನಿಧಾನ ನೋಡಿಕೊಂಡು ಹೋಗುತ್ತೇನೆ.

ಪುಟ್ಟಿ: ಅಜ್ಜಿ 🔥🔥🔥

ದೊಡ್ಡಪ್ಪ: ಇದೆಲ್ಲ ಯಾವಾಗ ನೋಡಿದೆ?

ದೊಡ್ಡಮ್ಮ: ನೀವು ಸೆಗ್ವೇ ಇತಿಹಾಸ ಟೈಪ್ ಮಾಡುತ್ತಿದ್ದಾಗ.

ಅಲ್ಲಿಗೆ ಲೆಕ್ಕ ತಾನಾಗಿ ಬಿಡಿಸಿಕೊಂಡಿತು. ಬುಕಿಂಗಿನಲ್ಲಿ ಏಳರ ಬದಲು ಇಬ್ಬರು ಮಾತ್ರ ಅಂತ ಬದಲಿಸಬಹುದು ಅಂತ ಅದೇ ಸಣ್ಣ ಅಕ್ಷರದಲ್ಲಿ ಇತ್ತು. ಅಪ್ಪ, ಮಗಳು ಮಠದ ಕಡೆ ಗಾಡಿ ಓಡಿಸಲಿ. ಉಳಿದವರು ಸೇತುವೆ, ಆಮೇಲೆ ಹಳೇ ಯೆಹೂದಿ ಕೇರಿ ಯೋಸೆಫೊವ್‌ನ ಬೀದಿಗಳು. ಮಧ್ಯಾಹ್ನ ಎಲ್ಲರೂ ಗಡಿಯಾರದ ಕೆಳಗೆ ಸೇರುವುದು. ಎಲ್ಲರೂ ಮಲಗಲು ಹೊರಟಿದ್ದರು. ಚಿಕ್ಕಪ್ಪ ಮಾತ್ರ ಇನ್ನೂ ಹುಡುಕುತ್ತಿದ್ದರು.

ಚಿಕ್ಕಪ್ಪ: ಪುಟ್ಟಿ, ನಿನ್ನ ತೂಕ ಎಷ್ಟು? ಕನಿಷ್ಠ 45 ಕೆಜಿ ಇರಬೇಕಂತೆ. ತೀರಾ ಹಗುರ ಇದ್ದರೆ ಇಳಿಜಾರಿನಲ್ಲಿ ಹಿಂದಕ್ಕೆ ವಾಲಿದರೂ ಗಾಡಿ ನಿಲ್ಲುವಷ್ಟು ವಾಲುವುದಿಲ್ಲ.

ಪುಟ್ಟಿ: 47. ಬಚಾವ್.

ಚಿಕ್ಕಪ್ಪ: ಮೇಲಿನ ಮಿತಿ 118.

ಭಾವ ಆನ್‌ಲೈನ್ ಇದ್ದರು. ಟೈಪ್ ಮಾಡಿದರು, ನಿಲ್ಲಿಸಿದರು, ಮತ್ತೆ ಟೈಪ್ ಮಾಡಿದರು.

ಭಾವ: ಸುಮ್ನೆ ಕೇಳುತ್ತಿದ್ದೇನೆ. 118 ಅಂದರೆ ಮೈಭಾರ ಮಾತ್ರವಾ, ಬ್ಯಾಗೂ ಸೇರಿಸಿಯಾ?

ಪುಟ್ಟಿ: ಸೇರಿಸಿ ಅಪ್ಪ.

ಭಾವ: ಹೆಲ್ಮೆಟ್?

ಅಕ್ಕ: ಬ್ಯಾಗ್ ನನ್ನ ಕೈಗೆ ಕೊಡಿ. ಹೆಲ್ಮೆಟ್ ಹಾಕಿಕೊಳ್ಳಿ.