ಮೊದಲು ಶಾಲೆ, ಆಮೇಲೆ ಓಣಿ, ಕಡೆಗೆ ಮನೆ

ವಾಪಸ್ ಊರಿಗೆ ಬರುವ ಮಾತು ತೆಗೆದವರೆಲ್ಲ ಮೊದಲು ಕೇಳುವುದು ಇದನ್ನೇ: ‘ಹುಬ್ಬಳ್ಳಿಯಲ್ಲಿ ಮನೆ ಮಾಡೋದೋ, ಧಾರವಾಡದಲ್ಲೋ?’ ಹೋದ ವಾರ ಮತ್ತೆ ಇಬ್ಬರು ಕೇಳಿದರು. ಒಬ್ಬರು ಡಲ್ಲಾಸ್‌ನವರು, ಇನ್ನೊಬ್ಬರು ಮೆಲ್ಬರ್ನ್‌ನವರು. ಇಬ್ಬರ ಮಕ್ಕಳೂ ಶಾಲೆಗೆ ಹೋಗುವ ವಯಸ್ಸಿನವರು. ನಾವು ಡಲ್ಲಾಸ್ ಬಿಟ್ಟು ಬಂದು ಮೂರು ವರ್ಷ ದಾಟಿತು. ಬಂದ ಹೊಸದರಲ್ಲಿ ಒಂದು ದೊಡ್ಡ ತಪ್ಪು ಮಾಡಿದೆವು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಅಮೆರಿಕದಲ್ಲಿ ಮನೆ ಹುಡುಕುವಾಗ ನಾವೆಲ್ಲ ಶಾಲೆಯ ರೇಟಿಂಗ್ ನೋಡಿಯೇ ಮನೆ ನೋಡುತ್ತೇವೆ, ಅಲ್ವಾ? ಅಲ್ಲಿ ಸರ್ಕಾರಿ ಶಾಲೆ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಮನೆ ಸಿಕ್ಕರೆ ಶಾಲೆ ಸಿಕ್ಕ ಹಾಗೆ. ಅದೇ ಅಭ್ಯಾಸ ಹೊತ್ತುಕೊಂಡು ಇಲ್ಲಿಗೆ ಬಂದೆವು. ಚೆಂದದ ಮನೆ ಹಿಡಿದರೆ ಶಾಲೆ ಹತ್ತಿರದಲ್ಲೇ ಎಲ್ಲೋ ಸಿಗುತ್ತದೆ ಅಂದುಕೊಂಡೆವು. ಇಲ್ಲಿ ಖಾಸಗಿ ಶಾಲೆಗೂ ನಿಮ್ಮ ವಿಳಾಸಕ್ಕೂ ಅಂಥ ನಂಟಿಲ್ಲ. ಮನೆ ಊರಿನ ಒಂದು ತುದಿಯಲ್ಲಿ, ಸೀಟು ಸಿಕ್ಕ ಶಾಲೆ ಇನ್ನೊಂದು ತುದಿಯಲ್ಲಿ ಆಗಬಹುದು. ನಮಗೆ ಆಗಿದ್ದು ಅದೇ.

ಬೈಪಾಸ್ ಆಚೆ ಹೊಸ ಲೇಔಟ್‌ನಲ್ಲಿ ಮನೆ ಹಿಡಿದೆವು. ಅಗಲ ರಸ್ತೆ, ಮಾಡ್ಯುಲರ್ ಅಡುಗೆಮನೆ, ಎರಡು ಕಾರು ನಿಲ್ಲುವ ಜಾಗ. ಬ್ರೋಕರ್ ಬೇರೆ ‘ನೀರಿಂದೇನು ತ್ರಾಸ ಇಲ್ರಿ ಅಕ್ಕಾರ’ ಅಂದಿದ್ದ. ಶಾಲೆಯ ವ್ಯಾನ್ ಬೆಳಿಗ್ಗೆ 6:50ಕ್ಕೆ ಬರುತ್ತಿತ್ತು. ಊರೆಲ್ಲ ಸುತ್ತಿ ಮಕ್ಕಳನ್ನು ಹತ್ತಿಸಿಕೊಂಡು ಶಾಲೆ ಮುಟ್ಟಲು ಒಂದು ತಾಸು. ಸಂಜೆ ಮತ್ತೆ ಒಂದು ತಾಸು. ಆರು ವರ್ಷದ ಮಗಳು ವ್ಯಾನ್‌ನಲ್ಲೇ ನಿದ್ದೆ ಮಾಡಿ, ಕೆನ್ನೆಯ ಮೇಲೆ ಸೀಟಿನ ಗೆರೆ ಮೂಡಿಸಿಕೊಂಡು ಇಳಿಯುತ್ತಿದ್ದಳು. ಸುತ್ತ ಹತ್ತು ಪ್ಲಾಟು ಖಾಲಿ. ಮಗನಿಗೆ ಆಡಲು ಜೊತೆಗಾರರೇ ಇಲ್ಲ. ಒಂದು ಸಂಜೆ ಅವನು ಗೋಡೆಗೆ ಚೆಂಡು ಹೊಡೆಯುತ್ತಾ, ‘ಅಮ್ಮಾ, ಇಂಡಿಯಾದಲ್ಲಿ ತುಂಬಾ ಜನ ಇರ್ತಾರೆ ಅಂದಿದ್ದೆ ಅಲ್ವಾ?’ ಎಂದ. ಆ ರಾತ್ರಿ ನಾನೂ ನನ್ನವರೂ ಮಲಗಲಿಲ್ಲ. ಹತ್ತು ತಿಂಗಳಿಗೆ ಆ ಮನೆ ಬಿಟ್ಟೆವು. ಈಗ ಧಾರವಾಡದ ಮಾಳಮಡ್ಡಿಯಲ್ಲಿ ಬಾಡಿಗೆಗಿದ್ದೇವೆ. ಹಳೇ ಮನೆ, ಸಣ್ಣ ಅಡುಗೆಮನೆ. ಮಕ್ಕಳ ಶಾಲೆ ನಡೆದರೆ ಹನ್ನೆರಡು ನಿಮಿಷ.

ಆದ್ದರಿಂದ ನನ್ನ ಮಾತು ಇಷ್ಟು: ಮೊದಲು ಶಾಲೆ ಗಟ್ಟಿ ಮಾಡಿಕೊಳ್ಳಿ. ಮಗು ನಡೆದೋ, ಹತ್ತು ನಿಮಿಷದ ಆಟೋದಲ್ಲೋ ಹೋಗಿ ಬರುವಷ್ಟು ದೂರದಲ್ಲಿ ಬಾಡಿಗೆ ಮನೆ ಹಿಡಿಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಅಲ್ಲಿ ಕಳೆಯಿರಿ. ಅಲ್ಲಿವರೆಗೆ ಮನೆ, ಪ್ಲಾಟು ಏನನ್ನೂ ಕೊಳ್ಳಬೇಡಿ. ಅಣ್ಣ ತಮ್ಮಂದಿರು ಎಷ್ಟೇ ಒತ್ತಾಯ ಮಾಡಲಿ.

ಹುಬ್ಬಳ್ಳಿ, ಧಾರವಾಡ ಅಂತ ಎರಡು ಹೆಸರಾದರೂ 1962ರಿಂದ ಒಂದೇ ಪಾಲಿಕೆ. ನಡುವೆ ಸುಮಾರು 20 ಕಿಲೋಮೀಟರ್. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಬಂದ ಮೇಲೆ ದೊಡ್ಡವರಿಗೆ ಈ ದೂರ ದೂರವೇ ಅಲ್ಲ. ಗಂಡ ಹುಬ್ಬಳ್ಳಿಯಲ್ಲಿ ಕೆಲಸ ಮಾಡಿ ಹೆಂಡತಿ ಮಕ್ಕಳು ಧಾರವಾಡದಲ್ಲಿರುವ ಮನೆಗಳು ಬೇಕಾದಷ್ಟಿವೆ. ಹಾಗಾಗಿ ಊರು ಆರಿಸುವಾಗ ನಿಮ್ಮ ಆಫೀಸಿಗಿಂತ ಮಕ್ಕಳ ದಿನ ಹೇಗಿರುತ್ತದೆ ಅಂತ ನೋಡಿ.

ಹುಬ್ಬಳ್ಳಿಯಲ್ಲಿ ವಿದ್ಯಾನಗರ, ದೇಶಪಾಂಡೆ ನಗರ, ಕೇಶ್ವಾಪುರ ಹಳೆಯ, ತುಂಬಿದ ಬಡಾವಣೆಗಳು. ಆಸ್ಪತ್ರೆ, ಅಂಗಡಿ, ಟ್ಯೂಷನ್ ಎಲ್ಲ ಕೈಗೆ ಸಿಗುತ್ತವೆ. ಗೋಕುಲ ರಸ್ತೆಯ ಕಡೆ ಅಪಾರ್ಟ್‌ಮೆಂಟ್ ಜಾಸ್ತಿ, ವಿಮಾನ ನಿಲ್ದಾಣ ಹತ್ತಿರ, ಹಾಗೆಯೇ ಲಾರಿ ಓಡಾಟವೂ ಜಾಸ್ತಿ. ನವನಗರ ಎರಡೂ ಊರಿನ ನಡುವೆ ಇದೆ. ಧಾರವಾಡದಲ್ಲಿ ಸಪ್ತಾಪುರದ ತುಂಬ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ರೂಮುಗಳು, ಮೆಸ್ಸುಗಳು. ಓದುವ ವಾತಾವರಣ ಚೆನ್ನ. ಸಣ್ಣ ಮಕ್ಕಳಿರುವ ಮನೆಗೆ ಕಲ್ಯಾಣ ನಗರ, ನಾರಾಯಣಪುರ, ಮಾಳಮಡ್ಡಿ ಇನ್ನಷ್ಟು ಅನುಕೂಲ ಎಂಬುದು ನನ್ನ ಅನಿಸಿಕೆ. ಸಂಜೆ ಇಲ್ಲಿ ಮನೆ ಮುಂದಿನ ಕಟ್ಟೆಯ ಮೇಲೆ ಇನ್ನೂ ಜನ ಕೂರುತ್ತಾರೆ. ಮಗ ಸೈಕಲ್ ತೆಗೆದುಕೊಂಡು ಹೋದರೆ ಯಾವ ಕಡೆ ಹೋದ ಅಂತ ಕಟ್ಟೆಯ ಮೇಲಿದ್ದ ಕಾಕಾನೇ ಹೇಳುತ್ತಾನೆ.

ಮನೆ ನೋಡುವಾಗ ನೀರಿನ ವಿಷಯ ಬ್ರೋಕರ್‌ನನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ. ಅವಳಿ ನಗರಕ್ಕೆ ಮಲಪ್ರಭೆಯ ನೀರು ಸವದತ್ತಿಯ ರೇಣುಕಾ ಸಾಗರದಿಂದ ಬರುತ್ತದೆ. ಕೆಲವು ವಾರ್ಡುಗಳಿಗೆ 2008ರಿಂದಲೇ ದಿನದ 24 ತಾಸೂ ನೀರು. ಉಳಿದ ಕಡೆ ಎಷ್ಟೋ ದಿನಕ್ಕೊಮ್ಮೆ. ಒಂದೇ ಬಡಾವಣೆಯಲ್ಲಿ ರಸ್ತೆಯ ಈ ಬದಿಗೊಂದು ಲೆಕ್ಕ, ಆ ಬದಿಗೊಂದು ಲೆಕ್ಕ ಇರುತ್ತದೆ. ನಮ್ಮ ಓಣಿಯಲ್ಲಿ ನೀರು ಬರುವ ದಿನ ಬೆಳಿಗ್ಗೆ ಐದೂವರೆಗೆ ಎದುರು ಮನೆಯ ಕಾಕು ‘ನೀರು ಬಂದಾವ್ರೀ!’ ಅಂತ ಕೂಗುತ್ತಾರೆ. ಒಂದೇ ನಿಮಿಷದಲ್ಲಿ ಎಲ್ಲ ಮನೆಯ ಲೈಟು ಹತ್ತುತ್ತದೆ, ಮೋಟಾರುಗಳ ಸದ್ದು ಶುರುವಾಗುತ್ತದೆ. ನೀವು ನೋಡುವ ಮನೆಗೆ ದೊಡ್ಡ ಸಂಪು ಇದೆಯಾ, ಬೋರ್‌ನಲ್ಲಿ ಬೇಸಿಗೆಗೂ ನೀರು ಇರುತ್ತದಾ, ಇದನ್ನು ತಿಳಿದೇ ಅಡ್ವಾನ್ಸ್ ಕೊಡಿ. ಇನ್ನೊಂದು ಮಾತು. ಹುಬ್ಬಳ್ಳಿಯ ಸುತ್ತ ಎರೆಮಣ್ಣು ಜಾಸ್ತಿ. ಅದು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ತಳಪಾಯ ಸರಿಯಿಲ್ಲದ ಮನೆಯ ಗೋಡೆ ಎರಡೇ ವರ್ಷದಲ್ಲಿ ಸೀಳಬಹುದು. ಕೊಳ್ಳುವ ಮನೆಯನ್ನು ಮೇ ತಿಂಗಳಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ನೋಡಿ ಅನ್ನುವುದು ಇದಕ್ಕೇ.

ಈಗ ಶಾಲೆ. ಇಂಥದೇ ಶಾಲೆಗೆ ಹಾಕಿ ಅಂತ ಹೆಸರು ಹೇಳಲಾರೆ, ಒಬ್ಬೊಬ್ಬ ಮಗುವಿಗೆ ಒಂದೊಂದು ಹಿಡಿಸುತ್ತದೆ. ಆದರೆ ಬ್ರೋಷರ್ ನೋಡಿ ಸೇರಿಸಬೇಡಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಅರ್ಧ ತಾಸು ಸುಮ್ನೆ ನಿಂತುಕೊಳ್ಳಿ. ಮಕ್ಕಳು ನಗುತ್ತಾ ಬರುತ್ತಾರಾ, ಆಯಾಗಳು ಅವರನ್ನು ಹೇಗೆ ಮಾತಾಡಿಸುತ್ತಾರೆ, ಎಲ್ಲ ಕಾಣುತ್ತದೆ. ಒಳಗೆ ಹೋದಾಗ ಮಕ್ಕಳ ಟಾಯ್ಲೆಟ್ ತೋರಿಸಿ ಅನ್ನಿ. ಮೂರನೇ ತರಗತಿಯ ಒಂದು ಕನ್ನಡ ನೋಟ್‌ಬುಕ್ ಕೇಳಿ ನೋಡಿ. ನಾವು ಮೊದಲು ಹೋದ ಒಂದು ಶಾಲೆಯಲ್ಲಿ ನೋಟ್‌ಬುಕ್ ತುಂಬ ಬೋರ್ಡಿನಿಂದ ಇಳಿಸಿದ್ದೇ ಇತ್ತು. ಮಗುವಿನದೇ ಅನ್ನುವ ಒಂದು ವಾಕ್ಯ ಇರಲಿಲ್ಲ. ಈಗಿನ ಶಾಲೆಯಲ್ಲಿ ‘ನಮ್ಮ ಅಜ್ಜಿ’ ಅಂತ ಐದು ಸಾಲು ಬರೆಸಿದ್ದರು, ತಪ್ಪುಗಳ ಸಮೇತ. ನನಗೆ ಅಷ್ಟು ಸಾಕಾಯಿತು.

ವಯಸ್ಸಿನ ಲೆಕ್ಕ ಮೊದಲೇ ನೋಡಿಕೊಳ್ಳಿ. ಟೆಕ್ಸಾಸ್‌ನಲ್ಲಿ ಸೆಪ್ಟೆಂಬರ್ 1 ಗಡಿ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಹುಟ್ಟಿದ ಮಗು ಇಲ್ಲಿ ಒಂದು ಕ್ಲಾಸ್ ಹಿಂದೆ ಕೂರಬಹುದು. ಮಗುವಿಗೆ ಅದನ್ನು ಅಲ್ಲಿಂದ ಹೊರಡುವ ಮೊದಲೇ ಹೇಳಿ. ನಮ್ಮ ಮಗಳಿಗೆ ನಾವು ಹೇಳಿರಲಿಲ್ಲ. ತಾನು ಫೇಲಾದೆ ಅಂದುಕೊಂಡು ಎರಡು ದಿನ ಅತ್ತಳು.

ದೊಡ್ಡ ಮಕ್ಕಳಿದ್ದವರು ಇದನ್ನು ಗಮನವಿಟ್ಟು ಓದಿ. ಇಲ್ಲಿ ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿ. ಅದರ ಸಾಮಾನ್ಯ ನಿಯಮದಂತೆ ಕರ್ನಾಟಕದ ಸೀಟು ಬೇಕಾದರೆ 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಇಲ್ಲಿನ ಮಾನ್ಯತೆ ಪಡೆದ ಶಾಲೆ, ಕಾಲೇಜಿನಲ್ಲಿ ಓದಿರಬೇಕು. 6ನೇ ತರಗತಿಗೆ ಬಂದು ಸೇರಿದರೆ 12ರ ಹೊತ್ತಿಗೆ 7 ವರ್ಷ ಆಗುತ್ತದೆ. 7ಕ್ಕೆ ಬಂದರೆ ಒಂದು ವರ್ಷ ಕಮ್ಮಿ. ಬೇರೆ ಕಲಮುಗಳೂ ಇವೆ, ನಿಮಗೆ ಯಾವುದು ಹೊಂದುತ್ತದೆ ನೋಡಿ. ಒಸಿಐ ಕಾರ್ಡಿನ, ಅಂದರೆ ವಿದೇಶಿ ಪೌರತ್ವ ಇರುವ ಭಾರತೀಯ ಮೂಲದ ಮಕ್ಕಳದು ಬೇರೆಯೇ ವಿಷಯ. 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆಯಂತೆ ನೀಟ್, ಜೆಇಇಯಲ್ಲಿ ಭಾರತೀಯರಿಗೇ ಮೀಸಲಾದ ಸೀಟು ಅವರಿಗೆ ಸಿಗುವುದಿಲ್ಲ, ಎನ್‌ಆರ್‌ಐ ಸೀಟು ಇಲ್ಲವೇ ಹೆಚ್ಚುವರಿಯಾಗಿ ಇಟ್ಟ (ಸೂಪರ್‌ನ್ಯೂಮರರಿ) ಸೀಟುಗಳೇ ಗತಿ. ಅದಕ್ಕಿಂತ ಮೊದಲು ಒಸಿಐ ಪಡೆದವರಿಗೆ ಇದು ಅನ್ವಯಿಸುವುದಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗು ಹತ್ತನೇ ತರಗತಿಗೆ ಬಂದ ಮೇಲೆ ಇದೆಲ್ಲ ಗೊತ್ತಾದರೆ ಮನೆಮಂದಿಗೆಲ್ಲ ಸಂಕಟ.

ಕನ್ನಡ ಹೇಗೆ ಕಲಿಸೋದು ಅಂತ ಹೆದರಬೇಡಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಒಂದು ಭಾಷೆಯಾಗಿ ಇದ್ದೇ ಇರುತ್ತದೆ. ನನ್ನ ಮಗ ಮನೆಯಲ್ಲಿ ಕನ್ನಡ ಚೆನ್ನಾಗಿ ಮಾತಾಡುತ್ತಿದ್ದ, ಓದಲು ಬರುತ್ತಿರಲಿಲ್ಲ. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದ. ನಮ್ಮ ಅವ್ವ ಅವನನ್ನು ಭಾನುವಾರ ಚಿಗರಿಯಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದಳು. ಬರುವ ಪ್ರತಿ ಸ್ಟಾಪಿನ ಹೆಸರನ್ನು ಅವನೇ ಓದಬೇಕು. ನವನಗರ ಸಲೀಸು. ವಿದ್ಯಾಗಿರಿಗೆ ದಕ್ಕೆ ಯ ಒತ್ತು, ಸತ್ತೂರಿಗೆ ತ ಒತ್ತು, ಭೈರಿದೇವರಕೊಪ್ಪಕ್ಕೆ ಪ ಒತ್ತು. ಭೈರಿದೇವರಕೊಪ್ಪವನ್ನು ತಡವರಿಸದೆ ಓದಿದ ದಿನ ಲೈನ್ ಬಜಾರಿಗೆ ಕರೆದುಕೊಂಡು ಹೋಗಿ ಪೇಡಾ ಕೊಡಿಸಿದಳು. ಇವತ್ತು ಅವನು ತಂಗಿಗೆ ಅದೇ ಬಸ್ಸಿನಲ್ಲಿ ಓದಿಸುತ್ತಾನೆ.

ಮಾರ್ಚ್ ಕೊನೆಗೆ ಬರುವವರು ಇದ್ದರೆ ತಿಳಿಸಿ. ಸಿಬಿಎಸ್‌ಇಯವರು ಬಹಳ ಕಡೆ ಏಪ್ರಿಲ್‌ಗೇ ಶುರು ಮಾಡುತ್ತಾರೆ, ಹಾಗಾಗಿ ಅಡ್ಮಿಷನ್ ವಿಚಾರಣೆ ಡಿಸೆಂಬರ್‌ನಲ್ಲೇ ಮಾಡಬೇಕು. ನಿಮ್ಮ ಪರವಾಗಿ ಶಾಲೆಯ ಗೇಟಿನ ಹತ್ತಿರ ನಾನು ನಿಂತು ನೋಡಿ ಬರುತ್ತೇನೆ. ನಮ್ಮ ಓಣಿಯ ತುದಿಯಲ್ಲಿ ಎರಡು ಬೆಡ್‌ರೂಮಿನ ಮನೆಯೊಂದು ಜನವರಿಗೆ ಖಾಲಿಯಾಗುತ್ತದೆ. ಸಂಪು ದೊಡ್ಡದಿದೆ, ಹಿತ್ತಲಲ್ಲಿ ಪೇರಲ ಗಿಡ ಇದೆ. ಮನೆಯವರಿಗೆ ಹೇಳಿ ಇಟ್ಟಿದ್ದೇನೆ.