ಕಾರ್ಟೂನಿನ ಏಟು ಯಾವಾಗ ನಗಿಸುತ್ತದೆ, ಯಾವಾಗ ನೋಯಿಸುತ್ತದೆ?

ಪೆನ್ಸಿಲ್‌ಪುಡಿ:
ಚಿಕ್ಕದೊಂದು ಅನಿಮೇಷನ್ ಚಿತ್ರ ಮಾಡುತ್ತಿದ್ದೇನೆ. ಒಂದು ಮೊಲ, ಅದರ ಬೆನ್ನು ಬಿದ್ದಿರುವ ಒಂದು ಗರಗಸ. ಡಾರ್ಕ್ ಕಾಮಿಡಿ. ಸ್ಟೋರಿಬೋರ್ಡ್ (ಶಾಟ್‌ಗಳನ್ನು ಸಾಲಾಗಿ ಬರೆದ ಚಿತ್ರಗಳು) ನೋಡಿದವರೆಲ್ಲ ನಕ್ಕರು. ಅದನ್ನೇ ಅನಿಮ್ಯಾಟಿಕ್ (ಆ ಚಿತ್ರಗಳನ್ನು ಟೈಮಿಂಗ್ ಪ್ರಕಾರ ಓಡಿಸುವ ಕಚ್ಚಾ ವಿಡಿಯೋ) ಮಾಡಿ ಸೌಂಡ್ ಹಾಕಿ ತೋರಿಸಿದಾಗ ಯಾರೂ ನಗಲಿಲ್ಲ. ಒಬ್ಬರಂತೂ ಮುಖ ತಿರುಗಿಸಿಕೊಂಡರು. ರಕ್ತ ಕಮ್ಮಿ ಮಾಡಬೇಕಾ, ಇಲ್ಲಾ ಇನ್ನೂ ಜಾಸ್ತಿ ಮಾಡಬೇಕಾ?

ನೆರಳುಬೆಳಕು:
ರಕ್ತ ಪೂರ್ತಿ ತೆಗೆದುಬಿಡಿ. ಕಾರ್ಟೂನ್ ಅಂದರೆ ಮಕ್ಕಳೂ ನೋಡುತ್ತಾರೆ.

ಇಪ್ಪತ್ನಾಲ್ಕುಫ್ರೇಮ್:
ದೊಡ್ಡವರಿಗೇ ಮಾಡುವುದಾದರೆ ಮೊದಲೇ ಹಾಗಂತ ಹೇಳಿದರಾಯಿತು. ನನಗೆ ಅನುಮಾನ ಇರುವುದು ರಕ್ತದ ಮೇಲಲ್ಲ, ಸೌಂಡ್ ಮೇಲೆ. ಮೊಲ ಏಟು ತಿಂದಾಗ ಏನು ಕೇಳಿಸುತ್ತದೆ?

ಪೆನ್ಸಿಲ್‌ಪುಡಿ:
ಕಿರುಚುತ್ತದೆ. ನಿಜವಾದ ಕಿರುಚಾಟವನ್ನೇ ರೆಕಾರ್ಡ್ ಮಾಡಿ ಹಾಕಿದ್ದೇನೆ.

ಇಪ್ಪತ್ನಾಲ್ಕುಫ್ರೇಮ್:
ಅಲ್ಲೇ ಇರುವುದು ನೋಡಿ! ಗೆರೆಯಲ್ಲಿ ಬರೆದ ಮೊಲಕ್ಕೆ ನಿಜವಾದ ನೋವಿನ ದನಿ ಕೊಟ್ಟರೆ ಅದು ಜೀವಂತ ಪ್ರಾಣಿಯಾಗಿಬಿಡುತ್ತದೆ. ಆಮೇಲೆ ಯಾರು ನಗುತ್ತಾರೆ?

1949ರಲ್ಲಿ ಅಮೆರಿಕದ ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ ಶುರುಮಾಡಿದ ಕಯೋಟಿ (ತೋಳದಂಥ ಪ್ರಾಣಿ) ಚಿತ್ರಗಳನ್ನು ಮ್ಯೂಟ್ ಮಾಡಿ, ಒಂದೊಂದೇ ಫ್ರೇಮ್ ಸರಿಸಿ ನೋಡಿ. ಕಯೋಟಿ ಬಂಡೆಯ ಅಂಚು ದಾಟಿ ಗಾಳಿಯಲ್ಲಿ ನಿಲ್ಲುತ್ತದೆ. ಕೆಳಗೆ ನೋಡುತ್ತದೆ. ನಮ್ಮ ಕಡೆ ನೋಡುತ್ತದೆ. ಬೀಳುವುದು ಆಮೇಲೆ. ಬಿದ್ದಾಗ ಕಾಣುವುದು ತುಂಬಾ ಕೆಳಗೆ ಏಳುವ ಚೂರು ಧೂಳು ಅಷ್ಟೇ. ಪೆಟ್ಟಿಗಿಂತ ಅವಮಾನ ದೊಡ್ಡದು ಅನ್ನುವುದು ಜೋನ್ಸ್ ಹಾಕಿಕೊಂಡಿದ್ದ ನಿಯಮ. ನಾವು ನಗುವುದು ಆ ನೋಟಕ್ಕೆ.

ಮಾರ್ವ್ ನ್ಯೂಲ್ಯಾಂಡ್ 1969ರಲ್ಲಿ ಮಾಡಿದ 'ಬ್ಯಾಂಬಿ ಮೀಟ್ಸ್ ಗಾಡ್ಜಿಲಾ' ಇನ್ನೂ ಕ್ರೂರ. ಜಿಂಕೆಮರಿ ಆರಾಮಾಗಿ ಮೇಯುತ್ತಿರುತ್ತದೆ, ಚಿತ್ರ ಮಾಡಿದವರ ಹೆಸರುಗಳು ತೆರೆಯ ಮೇಲೆ ಬರುತ್ತಲೇ ಇರುತ್ತವೆ. ದೊಡ್ಡ ಪಾದವೊಂದು ದಪ್ ಅಂತ ಬೀಳುತ್ತದೆ. ಮುಗಿಯಿತು. ಸಿನಿಮಾದ ತುಂಬ ಕಾಯಿಸುವುದೇ ಇದೆ, ಹಿಂಸೆ ಒಂದು ಕ್ಷಣ.

ನಿಮ್ಮ ಗರಗಸ ಎಷ್ಟು ಹೊತ್ತು ಕಾಯಿಸುತ್ತದೆ?

ನೆರಳುಬೆಳಕು:
ಎಲ್ಲ ಏಟೂ ನಗಿಸಲೇಬೇಕು ಅಂತೇನಿಲ್ಲ ಅಲ್ವಾ? ಡಾನ್ ಹರ್ಟ್ಸ್‌ಫೆಲ್ಟ್ ಅವರ 'ಬಿಲ್ಲೀಸ್ ಬಲೂನ್' (1998) ನೋಡಿ. ಬಲೂನು ಪುಟ್ಟ ಮಗುವನ್ನು ಬಡಿಯುತ್ತಲೇ ಇರುತ್ತದೆ. ದೊಡ್ಡವರು ಹತ್ತಿರ ಬಂದರೆ ಸಾಕು, ಏನೂ ಗೊತ್ತಿಲ್ಲದ ಹಾಗೆ ಸುಮ್ನೆ ತೇಲುತ್ತದೆ. ನಗು ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ.

ಇಪ್ಪತ್ನಾಲ್ಕುಫ್ರೇಮ್:
ಒಳ್ಳೆ ಉದಾಹರಣೆ. ಅಲ್ಲಿರುವುದು ಬರೀ ಕಡ್ಡಿಗೊಂಬೆಗಳು. ಸಂಕಟ ಬರುವುದು ಬಲೂನಿನ ಆ ನಾಟಕದಿಂದ, ರಕ್ತದಿಂದಲ್ಲ.

ಪೆನ್ಸಿಲ್‌ಪುಡಿ ಅವರೇ, ರಕ್ತ ಸದ್ಯಕ್ಕೆ ಹಾಗೇ ಇರಲಿ. ಕಿರುಚಾಟ ತೆಗೆಯಿರಿ. ಏಟಿಗೆ ಮುಂಚೆ ಮೊಲ ಗರಗಸವನ್ನು ನೋಡುವ ಶಾಟನ್ನು ಇನ್ನೊಂದು ಹನ್ನೆರಡು ಫ್ರೇಮ್, ಅಂದರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅರ್ಧ ಸೆಕೆಂಡ್ ಉದ್ದ ಮಾಡಿ. ಮೊದಲು ನೋಡಿದವರಿಗೆ ಬೇಡ, ಹೊಸಬರಿಗೆ ತೋರಿಸಿ.